ಅಂ — ಗಡಿಯ

ಕಳೆದ ಬೇಸಿಗೆ ರಜೆಯಲ್ಲಿ ಕೋಲ್ಕತ್ತಾಕ್ಕೆ, ಸೋದರಮಾವನ ಮನೆಗೆ ಹೋಗಿದ್ದೆ. ಮಾವ ಬಿಬಿಡಿ ಬಾಗ್‌ನ ಒಂದು ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಮಧ್ಯಾಹ್ನ ಬುತ್ತಿ ಮುಗಿಸಿ ಇಬ್ಬರೂ ಲಾಲ್ ದಿಘಿ ಕೆರೆಯ ಕಡೆ ಹೋಗುತ್ತಿದ್ದೆವು. ಎದುರಿಗೆ ರೈಟರ್ಸ್ ಬಿಲ್ಡಿಂಗ್‌ನ ಕೆಂಪು ಗೋಡೆ. "ರೈಟರ್ಸ್ ಅಂದ್ರೆ ಕವಿಗಳಲ್ಲಪ್ಪ, ಕಂಪನಿ ಗುಮಾಸ್ತರು. ನಮ್ಮ ಪೈಕಿ" ಅಂದರು ಮಾವ.

ಆದರೆ ಕಾವ್ಯಕ್ಕೂ ಆ ಕಟ್ಟಡಕ್ಕೂ ನಂಟಿದೆ. 1800ರಲ್ಲಿ ಆರಂಭವಾದ ಫೋರ್ಟ್ ವಿಲಿಯಂ ಕಾಲೇಜು ಕೆಲಕಾಲ ಅಲ್ಲೇ ಇತ್ತು. ಆ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಕೋಲ್‌ಬ್ರೂಕ್, ಸಂಸ್ಕೃತ ಛಂದಸ್ಸಿನ ಮೇಲೆ ಬರೆದ ದೊಡ್ಡ ಲೇಖನ 1808ರಲ್ಲಿ ಅಚ್ಚಾಯಿತು. ಅಲ್ಲೇ ಪಾಠ ಹೇಳಿದ ವಿಲಿಯಂ ಕೇರಿ 1817ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣವನ್ನೂ ಹೊರತಂದ.

ಛಂದಸ್ಸು ಅಂದರೆ ಆಗ ನನಗೆ ಹೊಟ್ಟೆಯಲ್ಲಿ ಕಸಿವಿಸಿ. ತಾತ ತೀರಿಕೊಂಡ ಮೇಲೆ ಅವರ ಬಗ್ಗೆ ಮಂದಾಕ್ರಾಂತ ವೃತ್ತದಲ್ಲಿ ಒಂದು ಪದ್ಯ ಬರೆದು, ಗೋಷ್ಠಿಯೊಂದರಲ್ಲಿ ಓದಿದ್ದೆ. ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ. ಕಾಳಿದಾಸನ ಇಡೀ ಮೇಘದೂತ ಇರುವುದು ಆ ವೃತ್ತದಲ್ಲೇ. ಸಾಲಿಗೆ 17 ಅಕ್ಷರ; ನಾಲ್ಕಕ್ಕೊಮ್ಮೆ, ಆಮೇಲೆ ಆರಕ್ಕೊಮ್ಮೆ ಯತಿ, ಉಳಿದದ್ದು ಏಳು. ನನ್ನ ಗುರು ಲಘು ಎಲ್ಲ ಸರಿಯಿತ್ತು. ಆದರೆ 'ಅಂಗಡಿಯ' ಎಂಬ ಪದ ಸರಿಯಾಗಿ ಯತಿಯ ಮೇಲೆ ಬಿತ್ತು. 'ಅಂ' ಈಚೆ, 'ಗಡಿಯ' ಆಚೆ! "ತಾತನ ಅಂಗಡಿ ಎರಡು ಹೋಳಾಯ್ತಲ್ಲೋ!" ಅಂದರು ಯಾರೋ. ಎಲ್ಲರೂ ನಕ್ಕರು. ಅವತ್ತಿನಿಂದ ಪೆನ್ನು ಮುಟ್ಟಿರಲಿಲ್ಲ.

ಆಮೇಲೆ ಹಟದಿಂದ ಓದಿದೆ. ದಂಡಿ ಹೇಳುವ ಹತ್ತು ದೋಷಗಳಲ್ಲಿ ಇದು ಯತಿಭ್ರಷ್ಟ. ಅಕ್ಷರ ಹೆಚ್ಚುಕಡಿಮೆಯಾದರೆ, ಗುರು ಲಘು ತಪ್ಪಿದರೆ ಭಿನ್ನವೃತ್ತ. ಮಮ್ಮಟ ಇನ್ನೊಂದು ಹೇಳುತ್ತಾನೆ: ಹತವೃತ್ತ. ಲಕ್ಷಣಕ್ಕೆ ಸರಿಹೊಂದಿದರೂ ಕಿವಿಗೆ ಹಿಡಿಸದ ಪದ್ಯಕ್ಕೂ ಆ ಹೆಸರು ಸಲ್ಲುತ್ತದೆ. ಬಿ.ಕಾಂ. ಮಿತ್ರರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪು ಇರಬಹುದು, ಅಲ್ಲವೇ? ನಮ್ಮ ಹಳಗನ್ನಡ ಕವಿಗಳಂತೂ ಯತಿಯನ್ನು ಲೆಕ್ಕಕ್ಕೆ ಹಿಡಿಯದೆ ಪ್ರಾಸವನ್ನು ಬಿಗಿಹಿಡಿದರು. ಒಬ್ಬರ ದೋಷ ಇನ್ನೊಬ್ಬರ ಮನೆಯಲ್ಲಿ ದೋಷವಲ್ಲ.

ಉದ್ದಿಗೆ ಸಂಸ್ಕೃತದಲ್ಲಿ ಮಾಷ. ಅದನ್ನು ಮಷ ಅಂತ ಕುಗ್ಗಿಸಿದರೂ ಸರಿಯೇ, ಛಂದಸ್ಸು ಮಾತ್ರ ಕೆಡಬಾರದು ಎಂದು ಹಳೆಯ ಮಾತಿದೆ. ನನಗೆ ಬೆರಳೆಣಿಸಿ ಮಾತ್ರೆ ಕಲಿಸಿದ್ದ ತಾತ ಇದಕ್ಕೆ ನಗುತ್ತಿದ್ದರು: "ಉದ್ದು ಕಮ್ಮಿ ತೂಗಿದ್ರೆ ಗಿರಾಕಿ ಬಿಡ್ತಾನೇನೋ?"

ಇದನ್ನೆಲ್ಲ ಕೆರೆಯ ದಂಡೆಯಲ್ಲಿ ಮಾವನಿಗೆ ಹೇಳಿದೆ. ಮಾವ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಭಾವ ನಡುವೆ ಗೋಡೆ ಎಬ್ಬಿಸಿದ ಮೇಲೆ ಆ ಅಂಗಡಿ ಇರೋದೂ ಹಾಗೇ ತಾನೆ?" ಅಂದರು.

ನನಗೆ ಮಾತೇ ಹೊರಡಲಿಲ್ಲ. ತಾತನ ತಿಥಿಗೆ ಮುಂಚೆಯೇ ಅಪ್ಪನೂ ಚಿಕ್ಕಪ್ಪನೂ ಅಂಗಡಿ ಪಾಲು ಮಾಡಿಕೊಂಡಿದ್ದರು. ಮಾತೂ ನಿಂತಿತ್ತು. ಪದ್ಯದಲ್ಲಿ ಅದನ್ನು ನಾನು ಹೇಳಿರಲೇ ಇಲ್ಲ.

"ಬೇಕಂತಲೇ ಪದ ಒಡೆದೆ ಅಂತ ಹೇಳಿಬಿಡಲೇ ಮಾವ?"

"ಅದು ಕಳ್ಳಲೆಕ್ಕ ಆಗುತ್ತೆ. ಈಗ ಸಸ್ಪೆನ್ಸ್ ಅಕೌಂಟಿಗೆ ಹಾಕಿಡು. ತಪ್ಪು ಎಲ್ಲಿದೆ ಅಂತ ಸಿಕ್ಕಿದ ದಿನ ತೆಗೆಯುವಿಯಂತೆ."

ಊರಿಗೆ ಬಂದವನು ಚಿಕ್ಕಪ್ಪನ ಕಡೆಯ ಬಾಗಿಲಿಗೆ ಹೋಗಿ ಕಾಲು ಕಿಲೋ ಉದ್ದಿನಬೇಳೆ ಕೇಳಿದೆ. ಚಿಕ್ಕಪ್ಪ ಮುಖ ನೋಡಿದರು. ತೂಗಿದರು. ತಾತನ ಹಾಗೇ ಮೇಲೊಂದು ಹಿಡಿ ಹಾಕಿದರು. ದುಡ್ಡು ತಗೊಳ್ಳಲಿಲ್ಲ.

ಪೊಟ್ಟಣ ಅಡುಗೆಮನೆಯಲ್ಲಿಟ್ಟೆ. ಎಲ್ಲಿಂದ ತಂದೆ ಅಂತ ಅಪ್ಪ ಕೇಳಲಿಲ್ಲ. ಮರುದಿನ ದೋಸೆ ತಿಂದರು.

ಸಾಲನ್ನು ಇನ್ನೂ ತಿದ್ದಿಲ್ಲ.