ಬರೆದವನೇ ತಾಳೆ ನೋಡಬಾರದು

ನಮ್ಮ ತೇರದಾಳದ ಮೇಲೆ ವಿಮಾನ ಹಾರಿದರೆ ಇಂದಿಗೂ ಓಣಿಯ ಮಕ್ಕಳು ಅಂಗಳಕ್ಕೆ ಓಡಿ ಬರುತ್ತಾರೆ. ಅವರ ಹಿಂದೆಯೇ ಅಜ್ಜ ಅಜ್ಜಿಯರೂ ಹಣೆಗೆ ಕೈ ಅಡ್ಡ ಹಿಡಿದು ಹೊರಗೆ ಬರುತ್ತಾರೆ. ಬಿಳಿ ಗೆರೆ ಎಳೆಯುತ್ತ ಹೋಗುವ ಆ ಚುಕ್ಕೆಯನ್ನು ನೋಡಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಷ್ಟು ಭಾರದ್ದು ಬೀಳದ ಹೆಂಗ ಹೋಗ್ತದ?" ರೆಕ್ಕೆಯ ಆಕಾರ, ಗಾಳಿಯ ಒತ್ತಡ, ಎಂಜಿನ್ನಿನ ಬಲ ಎಂದು ವಿಜ್ಞಾನದ ಮೇಷ್ಟ್ರು ಉತ್ತರ ಹೇಳುತ್ತಾರೆ. ಅದು ಸರಿಯೇ. ಆದರೆ ಅದಕ್ಕೆ ಇನ್ನೊಂದು ಉತ್ತರವೂ ಇದೆ. ಅದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ.

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ 'ಏರೋ ಇಂಡಿಯಾ' ಪ್ರದರ್ಶನ ನಡೆಯುವುದು ನಿಮಗೆ ಗೊತ್ತಿರಬಹುದು. 2025ರ ಫೆಬ್ರುವರಿಯಲ್ಲಿ ನಡೆದದ್ದು 15ನೆಯದು. ಆಗ ನಾನು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೆ. ಆಕಾಶದಲ್ಲಿ ಲಾಗ ಹಾಕುವ ವಿಮಾನಗಳನ್ನು ನೋಡಿ ಕಿವಿ ಮುಚ್ಚಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಇಂಥ ಸಂತೆಗೆ ಎರಡು ಮುಖ. ಒಂದು, ಬಯಲಿನಲ್ಲಿ ತಲೆಯೆತ್ತಿ ನೋಡುವುದು. ಇನ್ನೊಂದು, ಕೋಣೆಯಲ್ಲಿ ತಲೆತಗ್ಗಿಸಿ ಬರೆದುಕೊಳ್ಳುವುದು. ಪ್ರದರ್ಶನದ ಜತೆಗೇ ವಿಚಾರಸಂಕಿರಣಗಳೂ ನಡೆಯುತ್ತವೆ. ಅವುಗಳ ಫೋಟೋ ಪತ್ರಿಕೆಯ ಮುಖಪುಟದಲ್ಲಿ ಬರುವುದಿಲ್ಲ.

ನನ್ನ ಮೊಮ್ಮಗಳು ವಿಮಾನ ರಿಪೇರಿಯ ವಿದ್ಯೆ ಕಲಿಯುತ್ತಿದ್ದಾಳೆ. ಅದೇ ವಾರ ನಗರದ ಒಂದು ಸಭಾಂಗಣದಲ್ಲಿ ಪೈಲಟ್‌ಗಳಿಗೂ ಮೆಕ್ಯಾನಿಕ್‌ಗಳಿಗೂ ಒಂದು ದಿನದ ಪಾಠವಿತ್ತು. ವಿದ್ಯಾರ್ಥಿಗಳು ಮನೆಯವರೊಬ್ಬರನ್ನು ಕರೆತರಬಹುದಿತ್ತು. "ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವ ನಾನು, ನನಗೇನು ತಿಳಿದೀತು?" ಎಂದೆ. ಅವಳು, "ಅಜ್ಜಾ, ಇದು ಯಂತ್ರದ ಪಾಠ ಅಲ್ಲ, ಮನುಷ್ಯಾರ ಪಾಠ. ನೀ ಬಾ" ಎಂದಳು.

ಒಳಗೆ ಹೋದ ಕೂಡಲೇ ಕಂಡದ್ದು ಕೂರಿಸಿದ ರೀತಿ. ಒಂದು ಕುರ್ಚಿಗೆ ಪೈಲಟ್, ಪಕ್ಕದ ಕುರ್ಚಿಗೆ ಮೆಕ್ಯಾನಿಕ್. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪಕ್ಕದಲ್ಲಿ ಉಗುರಿನ ಸಂದಿಗೆ ಗ್ರೀಸ್ ಹತ್ತಿದ ಕೈ. ನನಗೆ ನಮ್ಮ ಬನಹಟ್ಟಿಯ ಮಗ್ಗದ ಶೆಡ್ಡುಗಳು ನೆನಪಾದವು. ಅರಿವೆಯಲ್ಲಿ ದೋಷ ಬಂದರೆ ನೇಕಾರ, "ಮಗ್ಗ ಸರಿ ಇಲ್ಲ" ಎನ್ನುತ್ತಾನೆ. ಮಗ್ಗ ರಿಪೇರಿ ಮಾಡುವವ, "ನೇಯುವ ಕೈ ಸರಿ ಇಲ್ಲ" ಎನ್ನುತ್ತಾನೆ. ಅರಿವೆ ಕೆಟ್ಟರೆ ಕತ್ತರಿಸಿ ತೆಗೆಯಬಹುದು. ವಿಮಾನದಲ್ಲಿ ಆ ಜಗಳಕ್ಕೆ ವೇಳೆ ಇಲ್ಲ. ಅದಕ್ಕೇ ಇಬ್ಬರನ್ನೂ ಒಂದೇ ಪಾಠಕ್ಕೆ ಕೂರಿಸುತ್ತಾರೆ.

ಮೊದಲ ಪಾಠ ಮನುಷ್ಯನ ತಲೆಯದು. ಬೆಂಗಳೂರಿನಲ್ಲೇ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ, 1957ರಲ್ಲಿ ಶುರುವಾದದ್ದು. ಇಂಥ ಸಂಸ್ಥೆಗಳಲ್ಲಿ ಗಾಳಿಯ ಒತ್ತಡ ಇಳಿಸಬಲ್ಲ ಒಂದು ಕೋಣೆ ಇರುತ್ತದೆ. ಪೈಲಟ್‌ಗಳನ್ನು ಅದರೊಳಗೆ ಕೂರಿಸಿ, ಸುಮಾರು 25,000 ಅಡಿ ಎತ್ತರದಲ್ಲಿ ಇರುವಷ್ಟೇ ತೆಳುವಾದ ಗಾಳಿ ಮಾಡಿ, ಕೈಗೆ ಕಾಗದ ಕೊಟ್ಟು ಲೆಕ್ಕ ಬರೆಯಿರಿ ಎನ್ನುತ್ತಾರೆ. ಮೊದಲ ಸಾಲು ಮುತ್ತಿನಂಥ ಅಕ್ಷರ. ಎರಡು ನಿಮಿಷ ಕಳೆದರೆ ಅಕ್ಷರ ಸೊಟ್ಟ. ಆಮೇಲೆ ಕೂಡಿಸಿದ್ದು ತಪ್ಪು, ಕಳೆದದ್ದು ತಪ್ಪು. ಬರೆಯುವವನನ್ನು ಕೇಳಿದರೆ, "ನಾನು ಚೆನ್ನಾಗಿದ್ದೇನೆ" ಎಂದು ನಗುತ್ತಾನೆ! ಆಮ್ಲಜನಕದ ಮುಖವಾಡ ಹಾಕಿದ ಮೇಲೆ ತನ್ನ ಕಾಗದ ನೋಡಿ ತಾನೇ ಬೆರಗಾಗುತ್ತಾನೆ. ಬುದ್ಧಿ ಮಂಕಾದಾಗ ಮಂಕಾಗಿದೆ ಎಂದು ತಿಳಿಸಬೇಕಾದದ್ದೂ ಅದೇ ಬುದ್ಧಿ. ಅದಕ್ಕೇ ಪಕ್ಕದಲ್ಲಿ ಎರಡನೆಯ ಕಣ್ಣು ಬೇಕು.

ಇದನ್ನು ಕೇಳಿ ನಾನು ನೆಟ್ಟಗೆ ಕುಳಿತೆ. ಇದು ನಮ್ಮ ಬ್ಯಾಂಕಿನ ಪಾಠವೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಬೇಕು, ಬರೆದವನೇ ತಾಳೆ ನೋಡಬಾರದು. ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ. ಇದು ಯಾರನ್ನೂ ಕಳ್ಳ ಎಂದು ಅನುಮಾನಿಸಿದ್ದಲ್ಲ. ಬರೆದವನ ಕಣ್ಣು ಹಾಳೆಯಲ್ಲಿ ಇದ್ದದ್ದನ್ನು ಓದುವುದಿಲ್ಲ, ತಾನು ಬರೆಯಬೇಕೆಂದುಕೊಂಡದ್ದನ್ನು ಓದುತ್ತದೆ.

ಎರಡನೆಯ ಪಾಠ ಪೂರ್ತಿ ಲೆಕ್ಕದ್ದು. 1983ರ ಜುಲೈ 23ರಂದು ಕೆನಡಾದಲ್ಲಿ ಮಾಂಟ್ರಿಯಲ್‌ನಿಂದ ಎಡ್ಮಂಟನ್ ಕಡೆಗೆ ಏರ್ ಕೆನಡಾದ ಹೊಸ ಬೋಯಿಂಗ್ 767 ವಿಮಾನ ಹೊರಟಿತ್ತು. ಇಂಧನ ತೋರಿಸುವ ಮಾಪಕ ಕೆಟ್ಟಿದ್ದರಿಂದ ಟ್ಯಾಂಕಿನೊಳಗೆ ಎಷ್ಟಿದೆ ಎಂದು ಅಳತೆಕಡ್ಡಿಯಿಂದ ನೋಡಿದರು: 7,682 ಲೀಟರ್. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಬೇಕಾದರೆ ಸುಮಾರು 0.8ರಿಂದ ಗುಣಿಸಬೇಕು. ಅವರ ಹಳೆಯ ವಿಮಾನಗಳ ಲೆಕ್ಕ ಪೌಂಡಿನಲ್ಲಿತ್ತು, ಅದಕ್ಕೆ 1.77ರಿಂದ ಗುಣಿಸುವುದು ರೂಢಿ. ಅಂದು 1.77ರಿಂದಲೇ ಗುಣಿಸಿ, ಬಂದ 13,597ನ್ನು ಕಿಲೋ ಎಂದುಕೊಂಡರು.

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. 22,300ರಲ್ಲಿ 13,597 ಕಳೆಯಿರಿ, ಉಳಿದದ್ದನ್ನು 1.77ರಿಂದ ಭಾಗಿಸಿ. ಸುಮಾರು 4,917 ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ಲೀಟರ್ ತುಂಬಿಸಿದರು. ಈಗ 0.8 ಹಿಡಿದು ಅದೇ ಲೆಕ್ಕ ಮಾಡಿ ನೋಡಿ. ತುಂಬಿಸಬೇಕಾದದ್ದು 20,000 ಲೀಟರಿಗೂ ಹೆಚ್ಚು! ವಿಮಾನ ಅರ್ಧಕ್ಕಿಂತ ಕಡಿಮೆ ಇಂಧನ ಹೊತ್ತು ಹಾರಿತು.

ಅಲ್ಲಿ ಲೆಕ್ಕ ನೋಡಿದವ ಒಬ್ಬನೇ ಅಲ್ಲ. ಕೆಳಗಿನ ಸಿಬ್ಬಂದಿಯೂ ನೋಡಿದರು, ಪೈಲಟ್‌ಗಳೂ ನೋಡಿದರು, ನಡುವೆ ಒಟ್ಟಾವಾದಲ್ಲಿ ಇಳಿದಾಗ ಮತ್ತೊಮ್ಮೆ ಅಳೆದರು. ಆದರೆ ಎಲ್ಲರೂ ಹಿಡಿದದ್ದು ಅದೇ 1.77. ಪಕ್ಕದವನ ಪಾಟಿ ನೋಡಿ ಬರೆದರೆ ಹತ್ತು ಜನರ ಉತ್ತರವೂ ಒಂದೇ ಆಗುತ್ತದೆ, ಸರಿ ಆಗುವುದಿಲ್ಲ. ನಡುದಾರಿಯಲ್ಲಿ ಆಕಾಶದಲ್ಲೇ ಒಂದಾದ ಮೇಲೊಂದು ಎರಡೂ ಎಂಜಿನ್ ನಿಂತವು. ಪುಣ್ಯಕ್ಕೆ ಕ್ಯಾಪ್ಟನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವ ಹವ್ಯಾಸವಿತ್ತು. ಸಹಪೈಲಟ್‌ಗೆ ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆ ಗೊತ್ತಿತ್ತು. ಗಾಳಿಪಟ ಇಳಿಸಿದಂತೆ ಅಷ್ಟು ದೊಡ್ಡ ವಿಮಾನವನ್ನು ಅಲ್ಲಿ ಇಳಿಸಿದರು. 69 ಜನರೂ ಬದುಕಿದರು. ಆ ವಿಮಾನಕ್ಕೆ 'ಗಿಮ್ಲಿ ಗ್ಲೈಡರ್' ಎಂದೇ ಹೆಸರಾಯಿತು.

ಮೂರನೆಯ ಪಾಠ ಬಂದಾಗ ಸಭೆಯಲ್ಲಿ ಪಿಸುಮಾತೂ ಇರಲಿಲ್ಲ. ಅದು ನಮ್ಮ ಕರ್ನಾಟಕದ್ದೇ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಉಳಿದವರು ಎಂಟೇ ಜನ. ಕ್ಯಾಪ್ಟನ್‌ಗೆ ಬಹಳ ಅನುಭವವಿತ್ತು. ಅಂದು ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಇಲ್ಲಿ ಎರಡನೆಯ ಕಣ್ಣು ಇತ್ತು. ಅದು ಸರಿಯಾಗಿಯೇ ನೋಡಿತು. ಬಾಯಿ ಬಿಟ್ಟು ಹೇಳಿತು ಕೂಡ. ಆದರೆ ಹೇಳಿದ್ದು ನಡೆಯಲಿಲ್ಲ. ಪಾಠ ಮಾಡುತ್ತಿದ್ದ ಹಿರಿಯರು ಯಾರನ್ನೂ ಬೈಯಲಿಲ್ಲ. "ಅವರು ಈಗ ನಮ್ಮೆದುರು ಉತ್ತರ ಹೇಳಲು ಇಲ್ಲ. ನಾವು ಕಲಿಯಲು ಇದ್ದೇವೆ" ಎಂದಷ್ಟೇ ಹೇಳಿದರು.

ಆಮೇಲೆ ಕಿರಿಯರಿಗೆ ಹೇಗೆ ಮಾತನಾಡಬೇಕೆಂದು ಕಲಿಸಿದರು. ನಾಲ್ಕು ಮೆಟ್ಟಿಲು. ಮೊದಲು ಕೇಳು: "ಸರ್, ನಾವು ಎತ್ತರದಲ್ಲಿದ್ದೇವೆಯೇ?" ಕೇಳಿಸಿಕೊಳ್ಳದಿದ್ದರೆ ಎಚ್ಚರಿಸು: "ಸರ್, ಎತ್ತರ ಹೆಚ್ಚಾಯಿತು." ಆಗಲೂ ಆಗದಿದ್ದರೆ ತಡೆ: "ಇಳಿಯುವುದು ಬೇಡ, ಮೇಲೇರಿ." ಕೊನೆಗೆ, ಉಪಾಯವೇ ಇಲ್ಲದಾಗ, ಕೈ ಹಾಕಿ ಹಿಡಿತ ತೆಗೆದುಕೋ. ಇಪ್ಪತ್ತೈದರ ಹುಡುಗಿ ಎದ್ದು ನಿಂತು, ಐವತ್ತೈದರ ಕ್ಯಾಪ್ಟನ್ ಎದುರು ಈ ನಾಲ್ಕು ಮಾತು ಗಟ್ಟಿಯಾಗಿ ಹೇಳಬೇಕಿತ್ತು. ಮೊದಲ ಸಲ ಅವಳ ದನಿಯೇ ಏಳಲಿಲ್ಲ. ಹಿರಿಯರ ಮಾತಿಗೆ ಎದುರು ಆಡಬಾರದು ಎಂದು ಬೆಳೆದ ಮಕ್ಕಳು ನಮ್ಮವು. ಅದು ಒಳ್ಳೆಯ ಸಂಸ್ಕಾರವೇ. ಆದರೆ ಎದುರಾಡುವುದು ಬೇರೆ, ಎಚ್ಚರಿಸುವುದು ಬೇರೆ. ಆ ವ್ಯತ್ಯಾಸ ಕಲಿಸಬೇಕಾದವರು ಹಿರಿಯರೇ. ಎರಡನೆಯ ಸಲ ಕ್ಯಾಪ್ಟನ್ನರೇ, "ಇನ್ನೂ ಜೋರಾಗಿ ಹೇಳಮ್ಮಾ, ನನಗೂ ಮೊಮ್ಮಕ್ಕಳಿದ್ದಾರೆ" ಎಂದರು. ಆಗ ಅವಳ ದನಿ ಹಿಂದಿನ ಸಾಲಿಗೂ ಕೇಳಿಸಿತು.

ಮೆಕ್ಯಾನಿಕ್‌ಗಳಿಗೂ ಅದೇ ನಿಯಮ. ರಿಪೇರಿ ಮುಗಿಸಿ ಪರವಾನಗಿ ಪಡೆದವರು ಸಹಿ ಹಾಕದೆ ವಿಮಾನ ಹಾರುವಂತಿಲ್ಲ. ಬಹುಮುಖ್ಯ ಭಾಗಗಳಿಗೆ ಕೈ ಹಾಕಿದರೆ ಎರಡನೆಯವರು ಬೇರೆಯಾಗಿ ನೋಡಬೇಕು. ಮೊಮ್ಮಗಳು ಇನ್ನೊಂದು ಸಂಗತಿ ಹೇಳಿದಳು. ಹ್ಯಾಂಗರಿನಲ್ಲಿ ಸ್ಪ್ಯಾನರ್, ಸ್ಕ್ರೂಡ್ರೈವರ್ ಇಡುವ ಹಲಗೆಯ ಮೇಲೆ ಪ್ರತಿಯೊಂದರ ಆಕಾರದ ನೆರಳು ಬರೆದಿರುತ್ತಾರೆ. ಸಂಜೆ ಒಂದು ನೆರಳು ಖಾಲಿ ಉಳಿದರೆ ಆ ಉಪಕರಣ ಸಿಗುವವರೆಗೆ ವಿಮಾನ ಕದಲುವುದಿಲ್ಲ. ನಮ್ಮಲ್ಲಿ ದಿನದ ನಗದು ತಾಳೆಯಾಗುವವರೆಗೆ ಮನೆಗೆ ಹೋಗುವಂತಿರಲಿಲ್ಲ, ಹಾಗೆಯೇ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ರೂಢಿ. ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ ಆಗಲಿ ಮೆಕ್ಯಾನಿಕ್ ಆಗಲಿ ಕೆಲಸದಲ್ಲಿ ತಪ್ಪಿದ್ದನ್ನು, ತಪ್ಪಲಿದ್ದದ್ದನ್ನು ತಾವೇ ಬರೆದು ಕಳಿಸಬಹುದು. ಹೆಸರು ತೆಗೆದುಹಾಕಿ, ಕಥೆಯನ್ನು ಮಾತ್ರ ಎಲ್ಲರಿಗೂ ಓದಲು ಕೊಡುತ್ತಾರೆ. ನಮ್ಮ ದೇಶದಲ್ಲೂ ಹೀಗೆ ಸ್ವಇಚ್ಛೆಯಿಂದ ವರದಿ ಮಾಡುವ ದಾರಿ ಇದೆ. ಹೇಳಿದವನನ್ನು ಹೊಡೆದರೆ ಮುಂದಿನವನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪು ಇನ್ನೊಂದು ವಿಮಾನ ಹುಡುಕಿಕೊಂಡು ಹೋಗುತ್ತದೆ. ವಿಮಾನ ಬೀಳದೆ ಹೋಗುವುದಕ್ಕೆ ನಾನು ಹೇಳಿದ ಇನ್ನೊಂದು ಉತ್ತರ ಇದೇ. ಗಾಳಿಯಷ್ಟೇ ಅಲ್ಲ, ಮುಚ್ಚಿಡದ ಮಾತೂ ಅದನ್ನು ಮೇಲೆ ಹಿಡಿದಿರುತ್ತದೆ.

ಈ ವಿದ್ಯೆಗೆ ಹೋಗಬೇಕೆನ್ನುವ ಮಕ್ಕಳಿಗೆ ಒಂದು ಮಾತು. ಪೈಲಟ್ ಆಗಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, ರಿಪೇರಿಯ ವಿದ್ಯೆಗೆ ಅವುಗಳ ಜತೆ ರಸಾಯನಶಾಸ್ತ್ರ ಓದುವುದು ವಾಡಿಕೆ. ಡಿಜಿಸಿಎ ಮಾನ್ಯತೆ ಇರುವ ಶಾಲೆಯೇ ಎಂದು ಮೊದಲು ನೋಡಿಕೊಳ್ಳಿ. ಪರವಾನಗಿ ಸಿಕ್ಕಿತೆಂದು ಪುಸ್ತಕ ಮುಚ್ಚುವಂತಿಲ್ಲ. ವಿಮಾನ ಸಂಸ್ಥೆಗಳ ಪೈಲಟ್‌ಗಳು ನರೆಗೂದಲು ಬಂದರೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಕೊಡುತ್ತಲೇ ಇರುತ್ತಾರೆ.

ವಿಮಾನಕ್ಕೆ ಹೋಗದವರಿಗೂ ಮನೆಯಲ್ಲೇ ಮಾಡಬಹುದಾದ ಎರಡು ಅಭ್ಯಾಸ ಹೇಳುತ್ತೇನೆ. ಕಿರಾಣಿ ಚೀಟಿಯನ್ನು ಅಜ್ಜ ಒಮ್ಮೆ ಕೂಡಿಸಲಿ, ಮೊಮ್ಮಗ ಅಜ್ಜನ ಉತ್ತರ ನೋಡದೆ ಇನ್ನೊಮ್ಮೆ ಕೂಡಿಸಲಿ. ವ್ಯತ್ಯಾಸ ಬಂದರೆ ಅದು ಒಂಬತ್ತರಿಂದ ಭಾಗವಾಗುತ್ತದೆಯೇ ನೋಡಿ. ಭಾಗವಾದರೆ ಯಾರೋ 54 ಬರೆಯುವಲ್ಲಿ 45 ಬರೆದಂತೆ ಅಂಕಿ ಅದಲು ಬದಲಾಗಿರುವ ಸಂಭವ ಹೆಚ್ಚು. ಇದು ನಾವು ಗುಮಾಸ್ತರು ಸಂಜೆ ತಪ್ಪು ಹುಡುಕುತ್ತಿದ್ದ ಹಳೆಯ ಉಪಾಯ.

ಎರಡನೆಯದು ರಾತ್ರಿಯ ಗುಳಿಗೆ. ಅಜ್ಜ ಅಜ್ಜಿಯರ ಗುಳಿಗೆಗಳ ಹೆಸರುಗಳು ಒಂದರ ಹಾಗೆ ಒಂದು, ಅಕ್ಷರಗಳೋ ಸಾಸಿವೆಯಷ್ಟು. ನುಂಗುವ ಮೊದಲು ಮೊಮ್ಮಕ್ಕಳು ಹೆಸರು ಮತ್ತು ಮಿಲಿಗ್ರಾಂ ಗಟ್ಟಿಯಾಗಿ ಓದಲಿ, ವೈದ್ಯರ ಚೀಟಿಯ ಜತೆ ತಾಳೆ ನೋಡಲಿ. ಆಗ ಮಗು "ಅಜ್ಜಾ, ತಡಿ" ಎಂದರೆ "ನನಗೆ ಗೊತ್ತದ, ನೀ ಸುಮ್ನಿರು" ಅನ್ನಬೇಡಿ. ಗುಳಿಗೆ ಕೆಳಗಿಟ್ಟು ಕನ್ನಡಕ ಹಾಕಿಕೊಳ್ಳಿ.