ನೋಡದೆ ಕೊಟ್ಟ ಉತ್ತರ



ನನ್ನ ಕೋಣೆಯ ಹಳೆಯ ಗಣಕಯಂತ್ರವು ಕಳೆದ ಮಳೆಗಾಲದ ಹೊತ್ತಿಗೆ ಬಹಳ ನಿಧಾನವಾಗಿತ್ತು. ಗುಂಡಿ ಒತ್ತಿ, ಕಾಫಿ ಕುಡಿದು ಬಂದರೂ ಪರದೆ ತೆರೆದುಕೊಂಡಿರುತ್ತಿರಲಿಲ್ಲ. ಪರಿಚಯದ ಯುವಕನೊಬ್ಬನನ್ನು ಕರೆಸಿದೆ. ಅವನು ಪರೀಕ್ಷಿಸಿ ನೋಡಿ, "ಫಾದರ್, ಆಪರೇಟಿಂಗ್ ಸಿಸ್ಟಮನ್ನೇ ಹೊಸದಾಗಿ ಹಾಕಬೇಕು. ಸಿ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅದರಲ್ಲಿ ನಿಮಗೆ ಬೇಕಾದದ್ದು ಏನಾದರೂ ಇದೆಯೇ?" ಎಂದು ಕೇಳಿದ. ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಕಾದು ನಿಂತಿದ್ದರು. "ನನ್ನದೆಲ್ಲ ಡಿ ಡ್ರೈವಿನಲ್ಲಿದೆ, ನೀನು ಹಾಕಪ್ಪ" ಎಂದು ಹೇಳಿ ಎದ್ದುಹೋದೆ.

ಸಂಜೆಯ ವೇಳೆಗೆ ಯಂತ್ರವು ಚುರುಕಾಗಿತ್ತು; ಆದರೆ ಮೂಕವೂ ಆಗಿತ್ತು. ಧ್ವನಿ ಬರುತ್ತಿರಲಿಲ್ಲ, ಪ್ರಿಂಟರ್ ಅಲುಗಾಡುತ್ತಿರಲಿಲ್ಲ, ಅಂತರಜಾಲದ ಸಂಪರ್ಕವೂ ಇರಲಿಲ್ಲ. ಡ್ರೈವರುಗಳು ಇಲ್ಲವೆಂದು ಯುವಕ ವಿವರಿಸಿದ. ಒಂದೊಂದು ಉಪಕರಣವನ್ನು ಒಂದೊಂದು ಕಂಪನಿ ತಯಾರಿಸುತ್ತದೆ. ಅವುಗಳ ಭಾಷೆಯನ್ನು ಯಂತ್ರಕ್ಕೆ ತಿಳಿಸುವ ದುಭಾಷಿಯೇ ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಅದನ್ನು ಅಂತರಜಾಲದಿಂದ ಪಡೆಯಬೇಕು. ಅಂತರಜಾಲ ಸಿಗಬೇಕಾದರೆ ಮೊದಲು ಅದರ ಡ್ರೈವರ್ ಬೇಕು! ಕೊನೆಗೆ ಯುವಕ ತನ್ನ ಲ್ಯಾಪ್‌ಟಾಪಿನಲ್ಲಿ ಅವುಗಳನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು ಹಾಕಿದ. ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಹೋಯಿತು. ಬೇರೆ ಕಡೆ ಇನ್ನೊಂದು ಪ್ರತಿ ಇರುವ ವಸ್ತು ಕಳೆದರೂ ಕಳೆದಂತಲ್ಲ.

ನಿಜವಾಗಿ ಕಳೆದುಕೊಂಡದ್ದು ಏನೆಂದು ತಿಳಿದದ್ದು ಮೂರನೆಯ ದಿನ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ನಮ್ಮ ತಾಯಿಯ ತವರೂ ಒಂದು. 2009ರ ಬೇಸಿಗೆಯ ರಜೆಯಲ್ಲಿ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ನೆನಪುಗಳನ್ನು ಅವರ ಮಾತಿನಲ್ಲಿಯೇ ಬೆರಳಚ್ಚು ಮಾಡಿದ್ದೆ. ಒಟ್ಟು 23 ಪುಟಗಳು. 2013ರಲ್ಲಿ ಅವರು ತೀರಿಕೊಂಡರು. ಆ ಬರಹವನ್ನು ಪರದೆಯ ಮೇಲೆಯೇ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದ್ದೆ. ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್ ಕೂಡ ಸಾಮಾನ್ಯವಾಗಿ ಸಿ ಡ್ರೈವಿನೊಳಗಿನ ಒಂದು ಫೋಲ್ಡರ್ ಎಂಬುದು ನನಗೆ ತಿಳಿದಿರಲಿಲ್ಲ. ದಿನವೂ ನೋಡುತ್ತಿದ್ದೆ, ಅದು ಎಲ್ಲಿದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಯುವಕ ಮತ್ತೆ ಬಂದ. ಹಳೆಯ ಬಗೆಯ ಹಾರ್ಡ್‌ಡಿಸ್ಕನ್ನು ಬೇಗನೆ ಫಾರ್ಮ್ಯಾಟ್ ಮಾಡಿದಾಗ ಪುಸ್ತಕದ ಪರಿವಿಡಿಯಷ್ಟೇ ಹರಿದುಹೋಗುತ್ತದೆ, ಪುಟಗಳು ಉಳಿದಿರುತ್ತವೆ. ಆದರೆ ಅವುಗಳ ಮೇಲೆ ಹೊಸದನ್ನು ಬರೆದರೆ ಹಳೆಯದು ಅಳಿಯುತ್ತದೆ ಎಂದ. ಆ ಜಾಗದಲ್ಲಿ ಈಗ ಇಡೀ ಹೊಸ ವ್ಯವಸ್ಥೆಯೇ ಕುಳಿತಿತ್ತು. ಮೂರು ದಿನ ನಾನು ಯಂತ್ರವನ್ನು ಬಳಸಿಯೂ ಇದ್ದೆ. ಅವನು ಕೆಲವು ಛಾಯಾಚಿತ್ರಗಳನ್ನು ಹುಡುಕಿಕೊಟ್ಟ. ತಾಯಿಯ ಮಾತುಗಳು ಸಿಗಲಿಲ್ಲ. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿದದ್ದನ್ನು ಮರಳಿ ಪಡೆಯುವ ಅವಕಾಶ ಇನ್ನೂ ಕಡಿಮೆಯಂತೆ.

ವಿಷಯ ತಿಳಿದ ತಂಗಿ ತನ್ನ ಹಳೆಯ ಇ-ಮೇಲ್‌ಗಳನ್ನೆಲ್ಲ ಜಾಲಾಡಿದಳು. "ಅಣ್ಣಾ, ಮೊದಲ 14 ಪುಟಗಳನ್ನು ಆಗಲೇ ಓದಲು ಕಳಿಸಿದ್ದೆಯಲ್ಲ!" ಎಂದು ಮರಳಿ ಕಳುಹಿಸಿದಳು. ಆತುರದಿಂದ ತೆರೆದರೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂದು 'ನುಡಿ'ಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದೆ. ಆ ಫಾಂಟ್ ಹೊಸ ವ್ಯವಸ್ಥೆಯಲ್ಲಿ ಇರಲಿಲ್ಲ. ಅದನ್ನು ಹಾಕಿದೊಡನೆ ಸಾಲುಸಾಲಾಗಿ ಕನ್ನಡ ಮೂಡಿತು. ತಾಯಿಯೇ ಎದುರಿಗೆ ಕುಳಿತು ಮಾತನಾಡಿದಂತಾಯಿತು. ಆದರೆ ಕೊನೆಯ 9 ಪುಟಗಳು ಅದರಲ್ಲಿ ಇರಲಿಲ್ಲ. ತವರಿನವರು ಸಾಮಾನುಗಳನ್ನು ಗಾಡಿಗೇರಿಸಿ ಊರು ಬಿಟ್ಟ ದಿನದ ವಿವರ ಆ ಪುಟಗಳಲ್ಲಿತ್ತು.

ಯುವಕನಲ್ಲಿ ತಪ್ಪಿಲ್ಲ. ಅವನು ಕೇಳಿದ್ದ, ನೋಡದೆ ಉತ್ತರಿಸಿದವನು ನಾನು. ಇತರರಿಗೆ ಆತ್ಮಶೋಧನೆಯನ್ನು ಬೋಧಿಸುವ ನನಗೆ ಒಂದು ನಿಮಿಷ ಕುಳಿತು ನೋಡುವ ವ್ಯವಧಾನ ಇರಲಿಲ್ಲ.

ಆದುದರಿಂದ ಓದುಗರೇ, ನಿಮ್ಮಲ್ಲಿ ಒಂದು ವಿನಂತಿ. ಮುಖ್ಯವಾದ ಬರಹ, ಚಿತ್ರಗಳಿಗೆ 3 ಪ್ರತಿಗಳಿರಲಿ. ಅವು 2 ಬಗೆಯ ಸಾಧನಗಳಲ್ಲಿರಲಿ. 1 ಪ್ರತಿ ಬೇರೆ ಮನೆಯಲ್ಲಿರಲಿ. ಆಗಾಗ ಅವುಗಳನ್ನು ತೆರೆದು ನೋಡಿ. ಹಳೆಯ ಫಾಂಟುಗಳ ಕನ್ನಡ ಬರಹಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ಇರುವಾಗಲೇ ಅವರ ಮಾತನ್ನು ಕೇಳಿ ಬರೆದಿಡಿ.

ನನ್ನ ಚಿಕ್ಕಮ್ಮ ಇನ್ನೂ ಇದ್ದಾರೆ. ಈಗ ಪ್ರತಿ ಭಾನುವಾರ ಸಂಜೆ ಅವರಿಗೆ ಫೋನ್ ಮಾಡಿ, ಊರು ಬಿಟ್ಟ ದಿನದ ಸಂಗತಿಯನ್ನು ಕೇಳಿ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. "ನಿಮ್ಮಮ್ಮ ಎರಡು ಗಾಡಿ ಅಂದಿದ್ಲಾ? ಮೂರು ಕಣಪ್ಪ, ಒಂದರಲ್ಲಿ ನಾನೇ ಕೂತಿದ್ದೆ" ಎನ್ನುತ್ತಾರೆ. ಎರಡನ್ನೂ ಬರೆದುಕೊಂಡಿದ್ದೇನೆ. ಈ ಸಲ ಪ್ರತಿ ಪುಟದ ಛಾಯಾಚಿತ್ರ ಆ ರಾತ್ರಿಯೇ ತಂಗಿಗೆ ತಲುಪುತ್ತದೆ.