ಹಿಮವಿಲ್ಲದ ಗುಲ್ಮಾರ್ಗ್‌ನಲ್ಲಿ

ಜನವರಿಯ ಮುಂಜಾನೆ ಶಿರಾಲಿಯ ಗದ್ದೆಗಳ ಮೇಲೆ ತೆಳ್ಳಗೆ ಮಂಜು ಕವಿದರೆ ಸಾಕು, ನಮ್ಮ ಅತ್ತೆ ಕಪಾಟಿನಿಂದ ಸ್ವೆಟರ್ ತೆಗೆಯುತ್ತಾರೆ. ನೀವೂ ಕರಾವಳಿಯವರಾದರೆ ನಿಮ್ಮ ಮನೆಯ ಚಳಿಗಾಲವೂ ಇಷ್ಟೇ ಅಲ್ಲವೇ? ಇಂಥ ಊರಿನ ಮೂವರು ಗೆಳತಿಯರು ಹಿಮದ ಫೋಟೋ ತೆಗೆಯಲೆಂದೇ ಕಾಶ್ಮೀರಕ್ಕೆ ಹೊರಟೆವೆಂದರೆ ನಿಮಗೆ ನಗು ಬರಬಹುದು. ನಮ್ಮ ಮನೆಯವರೂ ನಕ್ಕರು.

ಇದಕ್ಕೆಲ್ಲ ಕಾರಣ ನಮ್ಮಲ್ಲೊಬ್ಬಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಲ್ಫ್‌ನಲ್ಲಿರುವ ಅವಳ ತಮ್ಮ ತಾನು ಬಳಸಿದ ಕ್ಯಾಮೆರಾವನ್ನು ಅವಳಿಗೆ ಕೊಟ್ಟು ಹೋಗಿದ್ದ. ಅಂದಿನಿಂದ ಅವಳಿಗೆ ಒಂದೇ ಹುಚ್ಚು. ಮೂರು ವರ್ಷ ಹೊಲಿಗೆಯ ದುಡ್ಡಿನಲ್ಲಿ ಚೀಟಿ ಕಟ್ಟಿದಳು. ಅಭ್ಯಾಸಕ್ಕೆ ಹಿಮ ಎಲ್ಲಿಂದ ಬರಬೇಕು? ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಹೋಗಿ, ಬಿಸಿಲಿನಲ್ಲಿ ಹೊಳೆಯುವ ಉಪ್ಪಿನ ರಾಶಿಗಳ ಚಿತ್ರ ತೆಗೆದಳು. ಬಂದ ಚಿತ್ರಗಳಲ್ಲಿ ಉಪ್ಪೆಲ್ಲ ಒಲೆಯ ಬೂದಿಯ ಬಣ್ಣ! ಆಮೇಲೆ ಗೊತ್ತಾಯಿತು, ಕ್ಯಾಮೆರಾ ಎದುರಿಗಿರುವುದನ್ನೆಲ್ಲ ನಡುಮಟ್ಟದ ಬೂದು ಎಂದೇ ಲೆಕ್ಕ ಹಾಕಿ ಬೆಳಕನ್ನು ಕಡಿಮೆ ಮಾಡುತ್ತದೆ. ಎದುರಿಗೆ ಬಿಳಿಯೇ ತುಂಬಿದ್ದರೆ ನಾವೇ ಬೆಳಕನ್ನು ಒಂದು ಹಂತ ಏರಿಸಬೇಕು. ನಿಮ್ಮ ಮೊಬೈಲಿನಲ್ಲಾದರೆ ಬಿಳಿ ಜಾಗದ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಆಯಿತು.

2024ರ ಜನವರಿ ಮಧ್ಯದಲ್ಲಿ ಹೊರಟೆವು. ಒಬ್ಬಳ ಪತಿ, ಇನ್ನೊಬ್ಬಳ ಅಣ್ಣ ಜೊತೆಗಿದ್ದರು. ಭಟ್ಕಳದಿಂದ ರೈಲಿನಲ್ಲಿ ಗೋವಾ, ಅಲ್ಲಿಂದ ವಿಮಾನದಲ್ಲಿ ದೆಹಲಿ, ಮತ್ತೆ ಶ್ರೀನಗರ. ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅರ್ಧ ದಾರಿ ನಾನು ನಿದ್ದೆಯಲ್ಲಿದ್ದೆ.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ತಂಗ್‌ಮಾರ್ಗ್ ದಾಟಿ ದೇವದಾರು ಕಾಡಿನ ತಿರುವುಗಳನ್ನು ಏರುವಾಗ ಮೂವರೂ ಕಿಟಕಿಗೆ ಮುಖ ಒತ್ತಿಕೊಂಡಿದ್ದೆವು. ಮೇಲೆ ತಲುಪಿ ಇಳಿದರೆ ಎದುರಿಗೆ ಒಣಗಿದ ಹುಲ್ಲಿನ ಕಂದು ಮೈದಾನ! ಬೇಸಿಗೆಯಲ್ಲಿ ನಮ್ಮ ಶಾಲೆಯ ಅಂಗಳ ಇದ್ದ ಹಾಗೆ. 2,650 ಮೀಟರ್ ಎತ್ತರ, ಜನವರಿ ತಿಂಗಳು, ಆದರೂ ಹಿಮವಿಲ್ಲ. ಗೆಳತಿ ಕ್ಯಾಮೆರಾದ ಚೀಲವನ್ನು ತೆರೆಯಲೇ ಇಲ್ಲ. ಮೂರು ವರ್ಷದ ಚೀಟಿ ಅವಳ ಕಣ್ಣ ಮುಂದೆ ಬಂದಿರಬೇಕು.

ಆ ಚಳಿಗಾಲ ಕಾಶ್ಮೀರಕ್ಕೇ ಬರಗಾಲವಾಗಿತ್ತು. ಡಿಸೆಂಬರ್ 21ರಿಂದ ನಲ್ವತ್ತು ದಿನಗಳ ಕಡು ಚಳಿಯನ್ನು ಅಲ್ಲಿ 'ಚಿಲ್ಲೆ ಕಲಾನ್' ಎನ್ನುತ್ತಾರೆ. ಆಗ ಬಿದ್ದ ಹಿಮ ಗಟ್ಟಿಯಾಗಿ ನಿಂತು, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಝೇಲಂ ನದಿಗೂ ತೋಟಗಳಿಗೂ ನೀರಾಗುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು ಈ ಹಿಮವನ್ನು ತರಬೇಕು. ಆ ವರ್ಷ ಅವು ವಾರಗಟ್ಟಲೆ ಕೈಕೊಟ್ಟಿದ್ದವು. ಕಣಿವೆಯ ಹಲವು ಕಡೆ ಜನರು ಮಳೆ, ಹಿಮಕ್ಕಾಗಿ ವಿಶೇಷ ನಮಾಝ್ ಮಾಡಿ ದುಆ ಮಾಡಿದರು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಆ ರಾತ್ರಿ ಮಳೆ ನಿಲ್ಲಲೆಂದು ಬೇಡಿಕೊಂಡ ನಾವು ಇಲ್ಲಿ ಆಕಾಶ ನೋಡುತ್ತಾ ಕೂತಿದ್ದೆವು.

ಪ್ರವಾಸಿಗಳನ್ನು ಮರದ ಸ್ಲೆಜ್‌ನಲ್ಲಿ ಕೂರಿಸಿ ಹಿಮದ ಮೇಲೆ ಎಳೆಯುವ ಒಬ್ಬ ಹಿರಿಯರು ಅಲ್ಲಿ ಪರಿಚಯವಾದರು. ಉದ್ದನೆಯ ಫೆರನ್ ಒಳಗೆ ಕಾಂಗ್ಡಿ ಹಿಡಿದು ಬಿಸಿಲಿಗೆ ಕೂತಿದ್ದರು. ಕಾಂಗ್ಡಿ ಎಂದರೆ ಬೆತ್ತದಂಥ ಕಡ್ಡಿಯಿಂದ ಹೆಣೆದ ಬುಟ್ಟಿಯೊಳಗಿನ ಮಣ್ಣಿನ ಕೆಂಡದ ಮಡಕೆ. ನಮ್ಮ ಭಟ್ಕಳದ ಉರ್ದು ಕೇಳಿ ಮೊದಲು ಚೆನ್ನಾಗಿ ನಕ್ಕರು. ಆಮೇಲೆ ಪಕ್ಕದಲ್ಲಿ ಒರಗಿಸಿಟ್ಟ ಸ್ಲೆಜ್ ತೋರಿಸಿ, "ಬಾಜಿ, ಬರಫ್ ಬೀಳದಿದ್ದರೆ ಇದು ಬರೀ ಸೌದೆ" ಎಂದರು. ನಾವು ಫೋಟೋ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡಿದ್ದೆವು. ಅವರ ಮನೆಯಲ್ಲಿ ಇಡೀ ವರ್ಷದ ಸಂಪಾದನೆಯೇ ನಿಂತಿತ್ತು.

ಗೆಳತಿ ಚೀಲ ತೆರೆದದ್ದು ಆಗಲೇ. ಅವರ ಅನುಮತಿ ಕೇಳಿ ಸ್ಲೆಜ್‌ನ ಚಿತ್ರ ತೆಗೆದಳು. ಆಮೇಲೆ ಒಣ ಹುಲ್ಲು, ಗಿರಾಕಿಯಿಲ್ಲದ ಕುದುರೆಗಳು, ಗುಡ್ಡದ ಮೇಲಿನ ಮಹಾರಾಣಿ ದೇವಾಲಯ. 1915ರ ಆ ಕಟ್ಟಡ 2024ರ ಜೂನ್‌ನಲ್ಲಿ ಬೆಂಕಿಗೆ ಸಿಕ್ಕಿತು. ಬೇಸರದಲ್ಲಿ ಕ್ಲಿಕ್ಕಿಸಿದ ಆ ಚಿತ್ರವನ್ನು ಈಗ ಅವಳು ಯಾರಿಗೂ ಕೊಡುವುದಿಲ್ಲ.

ಮರುದಿನ ಗೊಂಡೋಲಾ ಏರಿದೆವು. ಅದರ ಮೊದಲ ಹಂತ ಶುರುವಾದದ್ದು ನಮ್ಮ ಕೊಂಕಣ ರೈಲು ಪೂರ್ತಿಯಾದ 1998ರಲ್ಲೇ. ಎರಡನೆಯ ಹಂತ ಅಫರ್ವಟ್ ಪರ್ವತದ ಹೆಗಲಿಗೆ, 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಮಾತ್ರ ಹಳೆಯ ಹಿಮ ಅಲ್ಲಲ್ಲಿ ಉಳಿದಿತ್ತು. ಹತ್ತು ಹೆಜ್ಜೆಗೆ ಏದುಸಿರು. ಬೆರಳು ಮರಗಟ್ಟಿ ಕ್ಯಾಮೆರಾದ ಗುಂಡಿ ಎಲ್ಲಿದೆಯೆಂದೇ ತಿಳಿಯದು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಎರಡನೆಯದನ್ನು ಸ್ವೆಟರಿನ ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟಿದ್ದರಿಂದ ಬಚಾವಾದೆವು. ನೆರಳು ಬಿದ್ದಲ್ಲಿ ಹಿಮ ನೀಲಿಯಾಗಿ ಕಾಣುತ್ತದೆ. ಸಂಜೆ ಬಿಸಿಲು ಓರೆಯಾದಾಗಲೇ ಅದರ ಏರಿಳಿತ ಚಿತ್ರದಲ್ಲಿ ಮೂಡುವುದು.

ಒಂದು ತಪ್ಪು ನಾನು ಮಾಡಿದೆ. ನೀವು ಮಾಡಬೇಡಿ. ಹೊರಗಿನಿಂದ ಬಂದವಳೇ ತಣ್ಣಗಿನ ಮೊಬೈಲನ್ನು ಬುಖಾರಿ ಉರಿಯುತ್ತಿದ್ದ ಕೋಣೆಯಲ್ಲಿ ತೆರೆದಿಟ್ಟೆ. ಫ್ರಿಜ್‌ನಿಂದ ತೆಗೆದ ಬಾಟಲಿಯಂತೆ ಅದು ಬೆವರಿ ಮಸೂರದ ಒಳಗೂ ತೇವ ಹೋಯಿತು. ಗೆಳತಿ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗೆ ತಂದು, ಒಂದು ಗಂಟೆ ಹಾಗೇ ಬಿಟ್ಟಳು. ಅವಳದಕ್ಕೆ ಏನೂ ಆಗಲಿಲ್ಲ. ಅಂದ ಹಾಗೆ, ಗುಲಾಬಿ ಬಣ್ಣದ ನೂನ್ ಚಾಯ್ ಕೊಟ್ಟರೆ ಸಕ್ಕರೆಯ ಚಹಾ ಎಂದು ದೊಡ್ಡ ಗುಟುಕು ಹೀರಬೇಡಿ. ಅದು ಉಪ್ಪಿನ ಚಹಾ!

ನೀವು ಹೋಗುವುದಿದ್ದರೆ ಹೊರಡುವ ಮುನ್ನ ಹಿಮದ ಸುದ್ದಿಯನ್ನೂ ಪರಿಸ್ಥಿತಿಯನ್ನೂ ವಿಚಾರಿಸಿಕೊಳ್ಳಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ 26 ಮಂದಿ ಹತ್ಯೆಯಾದರು. ಪ್ರವಾಸಿಗಳನ್ನು ಉಳಿಸಲು ಹೋದ ಕುದುರೆಯವನೊಬ್ಬನೂ ಅವರಲ್ಲಿದ್ದ. ಆ ಸುದ್ದಿ ಕೇಳಿದ ದಿನ ನಮಗೆ ಮೊದಲು ನೆನಪಾದದ್ದು ಆ ಸ್ಲೆಜ್‌ನ ಹಿರಿಯರೇ.

ಅವರ ವಿಷಯ ಒಂದು ಬಾಕಿ ಇದೆ. ನಾವು ಶಿರಾಲಿಗೆ ಮರಳಿ ಹತ್ತು ದಿನವಾಗಿರಬೇಕು. ಚಿಲ್ಲೆ ಕಲಾನ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗೆಳತಿಯ ವಾಟ್ಸಾಪ್‌ಗೆ ಚಿತ್ರ ಬಂತು. ಅದೇ ಮೈದಾನ, ಅದೇ ಸ್ಲೆಜ್, ಅರ್ಧ ಹಿಮದಲ್ಲಿ ಹೂತಿದೆ. ಕೆಳಗೆ 'ಬಾಜಿ, ಅಲ್‌ಹಮ್ದುಲಿಲ್ಲಾಹ್' ಎಂದಷ್ಟೇ. ಹಳೆಯ ಮೊಬೈಲು, ಹಿಮವೆಲ್ಲ ಬೂದಿಯ ಬಣ್ಣದಲ್ಲಿತ್ತು. ಬೆಳಕು ಏರಿಸಿ ಸರಿ ಮಾಡುತ್ತೀಯಾ ಎಂದು ಕೇಳಿದೆ. ಅವಳು ಬೇಡವೆಂದಳು. ಭಟ್ಕಳಕ್ಕೆ ಹೋಗಿ ಹಾಗೆಯೇ ಪ್ರಿಂಟ್ ತೆಗೆಸಿ, ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ.